ಹುಷಾರಿಲ್ಲ ಎಂದ ಮಾತು

ಶರಣಪ್ಪ, ನಿನಗೆ ಯಾವ ಬೇನೆಯೂ ಇರಲಿಲ್ಲ. ಬೇನೆ ಇದೆ ಎಂದು ಮೇಲಿನವರು ತಿಳಿಯುವಂತೆ ಮಾಡಿದವನು ನಾನು — ಮಾತು ಆಡಿದ್ದು ಗೊತ್ತಿಲ್ಲದೆ. ಆದರೆ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಚಿಂಚೋಳಿ ಸೀಮೆಯ ರಸ್ತೆ ಕೆಲಸದಲ್ಲಿ ನೀನು ಕೂಲಿ ಗ್ಯಾಂಗಿನ ಮುಂದಾಳು, ಮುಕಾದಮ; ನಾನು ನಿನ್ನ ಮೇಲಿನ ಸಾಹೇಬ. ಯಾರ ಕೆಲಸ ಹೇಗಿದೆ ಎಂದು ವರ್ಷಕ್ಕೊಮ್ಮೆ ಮೇಲಿನವರಿಗೆ ಹೇಳುವುದು ನನ್ನ ಹೊಣೆ. ನಿನ್ನಲ್ಲಿ ಇದ್ದದ್ದು ಒಂದೇ ಕೊರತೆ — ಜನರಿಂದ ಕೆಲಸ ಮಾಡಿಸಲು ಬರುತ್ತಿರಲಿಲ್ಲ. ಯಾರಾದರೂ ತಡಮಾಡಿದರೆ ಸಲಿಕೆ ಕಸಿದುಕೊಂಡು ನೀನೇ ಬಗ್ಗುತ್ತಿದ್ದೆ. ಉಳಿದವರು ಬೇವಿನ ನೆರಳಲ್ಲಿ ಬೀಡಿ ಹಚ್ಚಿ ಕೂತಿರುತ್ತಿದ್ದರು. ಎದುರಿಗೆ ಕೂರಿಸಿಕೊಂಡು ಹೇಳಿದ್ದರೆ ನೀನು ತಿದ್ದಿಕೊಳ್ಳುತ್ತಿದ್ದೆ. ನೀನೇ ಬಂದು ಕೇಳುತ್ತಿದ್ದೆಯಲ್ಲ!

“ಸಾಹೇಬ್ರ, ನನ್ ಕೆಲಸದಾಗ ಏನರ ಕಮ್ಮಿ ಅದ ಏನ್ರಿ? ಇದ್ರ ಹೇಳ್ರಿ, ಸುಧಾರಿಸ್ಕೋತೀನಿ.”

“ಎಲ್ಲಾ ಠೀಕ್ ಅದ, ಹೋಗು.”

ಹೇಳಿದರೆ ನಿನ್ನ ಮುಖ ಸಣ್ಣದಾದೀತು ಎಂದು — ಅಲ್ಲ, ಅದು ಆಮೇಲೆ ಹುಡುಕಿಕೊಂಡ ಕಾರಣ. ನನಗೆ ಬೇಸರ, ಅಷ್ಟೇ. ಮಾತು ತೆಗೆದರೆ ಬೆಳೆಯುತ್ತದೆ ಎಂಬ ಸೋಮಾರಿತನ.

ಆ ವರ್ಷ ಮೈಸೂರು ಕಡೆಯಿಂದ ಹೊಸ ಅಧಿಕಾರಿ ಬಂದರು. ಮೇಲ್ವಿಚಾರಕನ ಜಾಗ ಖಾಲಿ ಇತ್ತು, ಸರದಿ ನಿನ್ನದು. ಮನುಷ್ಯ ಹೇಗೆ ಎಂದು ನನ್ನನ್ನು ಕೇಳಿದರು.

“ಛಲೋ ಮನುಷ್ಯಾರಿ. ಆದ್ರ ಅಷ್ಟು ಹುಷಾರ್ ಇಲ್ರಿ,” ಎಂದೆ.

ನಮ್ಮ ಕಡೆ ಹುಷಾರ್ ಎಂದರೆ ಚುರುಕು, ಜಾಣ. ಅವರ ಕಡೆ ಹುಷಾರಿಲ್ಲ ಎಂದರೆ ಮೈಗೆ ಆರಾಮಿಲ್ಲ.

“ಅಯ್ಯೋ ಪಾಪ, ಹುಷಾರಿಲ್ವಾ? ಮತ್ತೆ ಬಿಸಿಲಲ್ಲಿ ಯಾಕ್ರೀ ನಿಲ್ಲಿಸಿದ್ದೀರಿ? ನೆರಳಲ್ಲಿ ಕೂರೋ ಕೆಲಸ ಕೊಡಿ.”

ತಪ್ಪು ತಿಳಿದರು ಎಂಬುದು ಆಗಲೇ ಹೊಳೆಯಿತು. ಹಾಗಲ್ಲ ಎಂದಿದ್ದರೆ, ಕೊರತೆ ಏನು, ಇಷ್ಟು ವರ್ಷ ಅವನಿಗೇಕೆ ಹೇಳಲಿಲ್ಲ ಎಂದು ಕೇಳುತ್ತಿದ್ದರು. ಹೌದೆಂದು ತಲೆಯಾಡಿಸಿದೆ. ಆ ಜಾಗ ಬೇರೆಯವನಿಗೆ ಹೋಯಿತು; ಮೈಗೆ ಆರಾಮಿಲ್ಲವೆಂದು ಹೇಳಿ ನಿನ್ನನ್ನು ಸಾಮಾನು ಕೋಣೆಯ ಕಾವಲಿಗೆ ಕೂರಿಸಿದರು.

ಜಗಳಕ್ಕೆ ಬರುತ್ತೀಯೆಂದು ಕಾದೆ. ನೀನು ಬಂದದ್ದು ಹೆದರಿಕೊಂಡು.

“ಸಾಹೇಬ್ರ, ನನಗ ಏನಾಗ್ಯದ್ರಿ? ನಿಮಗ ಏನ್ ಕಂಡದ? ಖರೇ ಹೇಳ್ರಿ.”

“ಏನಿಲ್ಲ... ಸ್ವಲ್ಪ ಆರಾಮ ತಗೋ.”

ಶಹಾಬಾದಿನ ಡಾಕ್ಟರು ಏನೂ ಇಲ್ಲ ಎಂದರು, ನೀನು ನಂಬಲಿಲ್ಲ. ಸಾಹೇಬರು ಸುಮ್ಮನೆ ಹೇಳುತ್ತಾರೆಯೇ? ಖಾರ ಬಿಟ್ಟೆ, ಎಣ್ಣೆ ಬಿಟ್ಟೆ, ಸಿಮೆಂಟಿನ ಚೀಲ ಎತ್ತಲು ಇನ್ನೊಬ್ಬರನ್ನು ಕರೆಯತೊಡಗಿದೆ. ಗಟ್ಟಿ ಆಳು ನೀನು — ನನ್ನ ಕಣ್ಣೆದುರೇ ರೋಗಿಯಂತೆ ನಡೆಯುವುದನ್ನು ಕಲಿತೆ. ನಾನು ದಿನವೂ ನೋಡಿದೆ, ದಿನವೂ ನಾಳೆ ಹೇಳೋಣ ಎಂದುಕೊಂಡೆ. ಹಾಗೆಯೇ ಇಬ್ಬರೂ ನಿವೃತ್ತರಾದೆವು.

ಮೊನ್ನೆ ಚಿತ್ತಾಪುರದ ಮದುವೆಯಲ್ಲಿ ನಿನ್ನ ಹೆಂಡತಿ ನನಗೆ ಕೈಮುಗಿದಳು. “ನೀವು ಅವ್ರಿಗಿ ನೆರಳಿಗಿ ಕುಂದರಿಸಿದ್ರಿ, ಅದಕ್ಕ ಇಷ್ಟ್ ದಿನಾ ಉಳದಾರ್ರಿ.” ನೀನು ಪಕ್ಕದಲ್ಲಿ ನಿಂತು ಹೌದೆಂಬಂತೆ ನಕ್ಕೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಶರಣಪ್ಪ...

ಮನಸ್ಸಿನಲ್ಲೇ ನಿನಗೆ ಹೇಳಿಕೊಂಡದ್ದು ಸಾಕು. ನಾಳೆ ಸೇಡಂನಿಂದ ಮೊದಲ ಬಸ್ಸಿಗೆ ನಿನ್ನೂರು ದಂಡೋತಿಗೆ ಬರುತ್ತೇನೆ. ನಿನ್ನ ಹೆಂಡತಿಯೂ ಮನೆಯಲ್ಲಿರಲಿ. ನೀನು ಅಂದು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ — ನಿನ್ನ ಕೆಲಸದಲ್ಲಿ ಏನು ಕಮ್ಮಿ ಇತ್ತೆಂದು. ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಅದಾದ ಮೇಲೆ ನೀನು ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ.