ಹೆಂಗಸಿನ ತುಣುಕಿನಲ್ಲಿ ಗಂಡಸಿನ ಜೀನ್

ಕೋವಿಡ್ ಮುಗಿದ ಮರುವರ್ಷ ನಾನು ಮಣಿಪಾಲದ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞೆಯಾಗಿದ್ದೆ. ಹತ್ತಿರದ ಆಸ್ಪತ್ರೆಯೊಂದು ಕಳಿಸುತ್ತಿದ್ದ ಮೆದುಳಿನ ಗೆಡ್ಡೆಗಳನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ ಸ್ಲೈಡಿನ ಮೇಲೆ ಹರಡುವುದು ನನ್ನ ಕೆಲಸ. ಸ್ಲೈಡಿನಲ್ಲಿ ಸಾವಿರಾರು ಚುಕ್ಕೆಗಳಿರುತ್ತವೆ. ಯಾವ ಜಾಗದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿತ್ತೆಂದು ಒಂದೊಂದು ಚುಕ್ಕೆಯೂ ತಿಳಿಸುತ್ತದೆ. ಎಲ್ಲವನ್ನೂ ಜೋಡಿಸಿದರೆ ಅದೇ ನಕ್ಷೆ.

ಒಂದು ಶುಕ್ರವಾರ ಬೆಳಿಗ್ಗೆ ಐವತ್ತೆರಡು ವರ್ಷದ ಹೆಂಗಸೊಬ್ಬರ ನಕ್ಷೆ ತೆರೆದೆ. ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮಿನ ಜೀನ್‌ಗಳು ಅಂಚಿನಿಂದ ಅಂಚಿಗೆ ಕೆಂಪಾಗಿ ಬೆಳಗುತ್ತಿದ್ದವು. ಅವರ ಜೊತೆಗೇ ಶಸ್ತ್ರಚಿಕಿತ್ಸೆಯಾಗಿದ್ದ ಗಂಡಸಿನ ನಕ್ಷೆಯಲ್ಲಿ ಅವು ಒಂದೂ ಇರಲಿಲ್ಲ. ಎರಡು ಗೆಡ್ಡೆಗಳು ಎಲ್ಲೋ ಅದಲುಬದಲಾಗಿದ್ದವು.

ಪ್ರಯೋಗಾಲಯದಲ್ಲಿ ಗೆಡ್ಡೆಗಳ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು ನಾನೇ. ನಮ್ಮ ಮುಖ್ಯಸ್ಥೆ ಡಾಕ್ಟರ್ ಲವೀನಾ ಕೂಡಲೇ ಕಡತ ತೆಗೆಸಿದರು. ಹೆಂಗಸಿಗೆ ಕ್ಯಾನ್ಸರ್ ಎಂದು ಸೋಮವಾರದಿಂದ ತಲೆಗೆ ರೇಡಿಯೇಷನ್ ನಿಗದಿಯಾಗಿತ್ತು. ಗಂಡಸನ್ನು ಏನೂ ಭಯವಿಲ್ಲವೆಂದು ಮನೆಗೆ ಕಳಿಸಿದ್ದರು. ಅದಲುಬದಲು ನನ್ನ ಕೈಯಿಂದ ಆಗಿದ್ದರೆ ಹೋಗುವುದು ನನ್ನ ಕೆಲಸ ಮಾತ್ರ. ಆಸ್ಪತ್ರೆಯಲ್ಲೇ ಆಗಿದ್ದರೆ, ಅದೇ ಗೆಡ್ಡೆಗಳನ್ನು ನೋಡಿ ಅವರು ಬರೆದ ರೋಗದ ವರದಿಗಳೂ ತಲೆಕೆಳಗು. ತಪ್ಪು ನನ್ನದೇ ಆಗಿರಲಿ ಎಂದು ಜೀವನದಲ್ಲಿ ಮೊದಲ ಬಾರಿ ಹರಕೆ ಹೊತ್ತೆ.

"ಒಂದು ಗಂಟೆ ಕಾಯುವನಾ ಮೇಡಂ? ಇನ್ನೊಮ್ಮೆ ನೋಡ್ತೇನೆ," ಎಂದೆ.

"ನೀನು ನೋಡು. ಆಸ್ಪತ್ರೆಗೆ ಫೋನ್ ನಾನು ಈಗಲೇ ಮಾಡ್ತೇನೆ. ಸೋಮವಾರಕ್ಕೆ ಎಷ್ಟು ದಿನ ಉಂಟು?" ಎಂದರು ಅವರು.

ಇಬ್ಬರ ರಕ್ತದ ಡಿಎನ್‌ಎಯನ್ನು ಆಸ್ಪತ್ರೆಯಲ್ಲೇ ಉಳಿದಿದ್ದ ಗೆಡ್ಡೆಯ ತುಣುಕುಗಳ ಡಿಎನ್‌ಎ ಜೊತೆ ಹೋಲಿಸಿದರು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಭಾನುವಾರ ಸಂಜೆ ಉತ್ತರ ಬಂತು: ನನ್ನ ಚೀಟಿಗಳು ಸರಿಯಾಗಿದ್ದವು. ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಹೊರಬರುವಾಗಲೇ ಡಬ್ಬಿಗಳು ಬದಲಾಗಿದ್ದವು.

ಸೋಮವಾರ ನಕ್ಷೆ ವಿವರಿಸಲು ನನ್ನನ್ನು ಆಸ್ಪತ್ರೆಗೆ ಕರೆದರು. ಹೆಂಗಸು ಕೆಮ್ಮಣ್ಣಿನ ಜೆಸಿಂತಾಬಾಯಿ. ಬೋಳಿಸಿದ ತಲೆಗೆ ಶಾಲು ಸುತ್ತಿ ಬಂದಿದ್ದರು. ನಿಮಗೆ ಕ್ಯಾನ್ಸರ್ ಇಲ್ಲ ಎಂದು ಸರ್ಜನ್ ಹೇಳಿದಾಗ ಅವರು ನಗಲಿಲ್ಲ. ನನ್ನ ಕಂಪ್ಯೂಟರಿನ ಕೆಂಪನ್ನೇ ನೋಡುತ್ತಾ ಮೆಲ್ಲನೆ ಕೇಳಿದರು:

"ಹಾಗಾದರೆ ಇದು ಯಾರದ್ದು?"

ಸರ್ಜನ್ ಎದ್ದು ಬಾಗಿಲು ತೆರೆದರು. ಏನೂ ಭಯವಿಲ್ಲವೆಂದು ಮನೆಗೆ ಕಳಿಸಿದ್ದ ಅಲೆವೂರಿನ ಆ ಗಂಡಸು ಮಾಮೂಲಿ ತಪಾಸಣೆಯೆಂದುಕೊಂಡು, ಹೆಂಡತಿಯೊಂದಿಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದರು.

ಅವರ ಚಿಕಿತ್ಸೆ ಆ ವಾರವೇ ಶುರುವಾಯಿತು. ಇವತ್ತಿಗೂ ತಪಾಸಣೆಗೆ ಬರುತ್ತಾರೆ. ತಪ್ಪು ಹಿಡಿದೆನೆಂದು ಹಲವರು ನನ್ನನ್ನು ಹೊಗಳಿದರು. ಆದರೆ ತಪ್ಪನ್ನು ತಿದ್ದಿದರೆ ಭಯ ಮಾಯವಾಗುವುದಿಲ್ಲ, ಅದು ಸೇರಬೇಕಾದ ಮನೆಯನ್ನು ಸೇರುತ್ತದೆ. ಅಲ್ಲಿಗೆ ಅದು ಬೇಗ ತಲುಪುವಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ ಎಂದು ಆ ಬಾಗಿಲು ತೆರೆದಾಗ ತಿಳಿಯಿತು.