ಕೇಳಿ ಮುಟ್ಟಬೇಕು

ಶ್ಯಾಮಲಾಳಿಗೆ ಕೊನೆಯ ಸ್ನಾನ ಮಾಡಿಸಲು ಕೇರಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದಾಗ ಅವಳ ಅತ್ತೆ ನಾಗಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು.

“ತಡೀರಿ. ಏಳ್ದೆ ಕೇಳ್ದೆ ಮುಟ್ಟಿದ್ರೆ ಅವ್ಳಿಗೆ ಆಗಾಕಿಲ್ಲ.”

ಒಳಗೆ ಹೋಗಿ ಸೊಸೆಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಆಮೇಲೆ ತಾವೇ ಮೊದಲ ಚೊಂಬು ನೀರು ಹಾಕಿದರು. ಮುದುಕಿಗೆ ದುಃಖದಲ್ಲಿ ಬುದ್ಧಿ ಕದಡಿದೆ ಎಂದು ಬಂದವರು ಪಿಸುಗುಟ್ಟಿಕೊಂಡರು. ಬುದ್ಧಿ ನೆಟ್ಟಗೇ ಇತ್ತು. ಡೆಂಗಿ ಜ್ವರ ಆ ಮನೆಯ ಸೊಸೆಯನ್ನು ಒಂದು ವಾರದೊಳಗೆ ಒಯ್ದದ್ದು ಎಲ್ಲರಿಗೂ ಗೊತ್ತು. ಆದರೆ ಜ್ವರ ಅವಳ ಕಥೆಯಲ್ಲ. ಅವಳು ಎಂಥವಳಾಗಿದ್ದಳು ಎಂದು ತಿಳಿಯಬೇಕಾದರೆ ಅವಳ ಎರಡನೆಯ ಬಾಣಂತನಕ್ಕೂ ಹಿಂದಿನ ಒಂದೆರಡು ತಿಂಗಳನ್ನು ನೋಡಬೇಕು.

ಬೊಮ್ಮಸಂದ್ರದ ಹಳೆಯ ಊರಿನೊಳಗೆ ಅವರ ಮನೆ. ರಾಗಿ ಬೆಳೆಯುತ್ತಿದ್ದ ಹೊಲ ಎಂದೋ ಕಾರ್ಖಾನೆಗಳ ಪಾಲಾಗಿತ್ತು. ಮಾವ ಗೋಪಾಲಪ್ಪ ಉಳಿದ ಜಾಗದಲ್ಲಿ ಸಾಲಾಗಿ ಬಾಡಿಗೆ ರೂಮುಗಳನ್ನು ಕಟ್ಟಿಸಿ, ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಪೌರಾಣಿಕ ನಾಟಕದ ಹಳೆಯ ಮಾತುಗಳನ್ನು ಹೇಳಿಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಲ್ಲಿ ಅವರ ರಾಜನ ಪಾರ್ಟ್‌ಗೆ, ಅಂದರೆ ರಾಜನ ಪಾತ್ರಕ್ಕೆ, ಹೆಸರಿತ್ತು. ಗಂಡ ದೇವರಾಜ್ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಶ್ಯಾಮಲಾ ಇನ್ನೊಂದರಲ್ಲಿ, ಮಾತ್ರೆ ಪ್ಯಾಕ್ ಮಾಡುವ ವಿಭಾಗದ ಸೂಪರ್‌ವೈಸರ್.

ಆ ವಿಭಾಗದ ಒಳಗೆ ಕಾಲಿಡುವ ಮೊದಲು ಬಳೆ, ಹೂವು, ನೇಲ್ ಪಾಲಿಶ್ ಎಲ್ಲವೂ ಹೊರಗೇ ಉಳಿಯಬೇಕು. ಪಾಳಿಗೆ ಬಂದ ಹುಡುಗಿಯರು ಸಾಲಾಗಿ ನಿಂತು ಕೈ ಚಾಚುತ್ತಿದ್ದರು, ಶ್ಯಾಮಲಾ ಒಂದೊಂದೇ ಉಗುರು ನೋಡುತ್ತಿದ್ದಳು. ಬೆರಳು ಹಿಡಿದು ತಿರುಗಿಸಬೇಕಾದರೆ “ಹಿಡೀಲಾ?” ಎಂದು ಕೇಳಿಯೇ ಹಿಡಿಯುತ್ತಿದ್ದಳು. ಹೊಸ ಹುಡುಗಿಯರು ಇದನ್ನು ಅಣಕಿಸಿ ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು “ಉಪ್ಪಿನಕಾಯಿ ಹಿಡೀಲಾ ಮೇಡಂ?” ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಈ ಅಭ್ಯಾಸ ಎಲ್ಲಿಂದ ಬಂತೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅದು ಬಂದದ್ದು ಮೊದಲ ಹೆರಿಗೆಯಿಂದ. ಮಗ ಅಮೋಘ್ ಹುಟ್ಟಿದ ನರ್ಸಿಂಗ್ ಹೋಮಿನಲ್ಲಿ, ನೋವು ಶುರುವಾದ ಹೊತ್ತಿಗೆ ಒಬ್ಬ ಆಯಾ ಬ್ಲೇಡು ಹಿಡಿದು ಬಂದಿದ್ದಳು. ಪರದೆ ಪೂರ್ತಿ ಎಳೆದಿರಲಿಲ್ಲ. ಒಂದು ಮಾತೂ ಕೇಳದೆ ಬಟ್ಟೆ ಮೇಲೆತ್ತಿ, ಒಣ ಚರ್ಮದ ಮೇಲೆಯೇ ಕೆಳಗಿನ ಕೂದಲು ತೆಗೆಯತೊಡಗಿದಳು. ಶ್ಯಾಮಲಾ ಕಾಲು ಮಡಚಿಕೊಂಡಾಗ, ಗಂಡನ ಹತ್ತಿರ ಇಲ್ಲದ ನಾಚಿಕೆ ಇಲ್ಲೇಕೆ ಎಂದು ಆಯಾ ಮೂದಲಿಸಿದಳು. ಬ್ಲೇಡು ತಾಗಿದ ಗಾಯ ಕೀವಾಗಿ ಹೊಲಿಗೆಗಿಂತ ಹೆಚ್ಚು ದಿನ ನೋಯಿಸಿತು. ಗಾಯವಾದರೂ ಮಾಯಿತು. ಅವಳನ್ನು ಒಳಗೊಳಗೆ ಕೊರೆದದ್ದು ಬೇರೆ: ಇಡೀ ಪಾಳಿಯನ್ನು ಒಂದು ಮಾತಿಗೆ ನಿಲ್ಲಿಸುವವಳು ಆ ದಿನ ಬಾಯಿ ತೆರೆಯಲಿಲ್ಲ. ‘ಬೇಡ’ ಎಂಬ ಎರಡಕ್ಷರ ಗಂಟಲಲ್ಲೇ ಕೂತುಬಿಟ್ಟಿತ್ತು.

ಆದ್ದರಿಂದ ಎರಡನೆಯ ಸಲ ಬಸುರಾದಾಗ ಅವಳು ಬಯಸಿದ್ದು ಒಂದೇ. ತಾನು ಒಪ್ಪದ ಕೈ ಈ ಸಲ ತನ್ನ ಮೈಗೆ ತಾಗಬಾರದು, ತಾಗಲು ಬಂದರೆ ಬೇಡ ಎನ್ನಲು ಬಾಯಿ ಬರಬೇಕು.

ಮನೆಯಲ್ಲಿ ಸದ್ಯದ ಜಗಳ ಬೇರೆಯದೇ ಆಗಿತ್ತು. ಏಳು ತುಂಬಿದ ಮೇಲೆ ಬಸುರಿಯ ಮೈಗೆ ಕತ್ತರಿ ತಾಗಬಾರದೆಂಬುದು ನಾಗಲಕ್ಷ್ಮಮ್ಮನ ಕಟ್ಟಳೆ. ತಲೆಗೂದಲಿಗೂ ಇಲ್ಲ, ಉಗುರಿಗೂ ಇಲ್ಲ. ಕತ್ತರಿ ಮೊದಲು ಮುಟ್ಟಬೇಕಾದದ್ದು ಕೂಸಿನ ಹೊಕ್ಕುಳ ಬಳ್ಳಿಯನ್ನು ಎಂದು ಅವರ ತಾಯಿ ಹೇಳಿದ್ದರಂತೆ. ದೇವರಾಜನಿಗೂ ಕ್ಷೌರ ಬಂದ್ ಆಗಿತ್ತು. ಕಂಪನಿ ಬಸ್ಸಿನಲ್ಲಿ ಜೊತೆಯವರು “ಏನ್ ಗುರು, ಮಾಲೆ ಹಾಕಿದ್ಯಾ?” ಎಂದು ಕಾಲೆಳೆಯುತ್ತಿದ್ದರು. ಉದ್ದ ಉಗುರಿಟ್ಟುಕೊಂಡು ಶ್ಯಾಮಲಾ ಕೆಲಸಕ್ಕೆ ಹೋಗುವಂತಿರಲಿಲ್ಲ. ಹಾಗಾಗಿ ಕಾರ್ಖಾನೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಕತ್ತರಿಸಿಕೊಂಡು ಬರುತ್ತಿದ್ದಳು. ಅವಳ ಉಗುರು ಬೆಳೆಯದಿರುವುದನ್ನು ಗಮನಿಸಿದ ನಾಗಲಕ್ಷ್ಮಮ್ಮ ಅದಕ್ಕೊಂದು ಅರ್ಥ ಕಂಡುಕೊಂಡರು. ಒಳಗಿರುವ ಕೂಸು ತಾಯಿಯ ಉಗುರನ್ನೂ ಎಳೆದುಕೊಂಡು ಬೆಳೆಯುತ್ತಿದೆ, ಭಾರಿ ಗಟ್ಟಿ ಪಿಂಡ ಎಂದು ನೀರಿನ ಟ್ಯಾಂಕರ್ ಹತ್ತಿರ ನಿಂತವರಿಗೆಲ್ಲ ಹೇಳಿಕೊಂಡು ಬಂದರು.

ಹೆರಿಗೆ ರಜೆ ಶುರುವಾಗುವ ಮುಂಚೆ ಅವಳು ಡಾಕ್ಟರ್ ಲಾವಣ್ಯ ಅವರನ್ನು, ಕೂದಲು ತೆಗೆಯಲೇಬೇಕೇ ಎಂದು ನೇರವಾಗಿ ಕೇಳಿದಳು. ಈ ಸಲ ತೋರಿಸಿಕೊಳ್ಳುತ್ತಿದ್ದದ್ದು ಬೇರೆ ಆಸ್ಪತ್ರೆಯಲ್ಲಿ. ಸಹಜ ಹೆರಿಗೆಗೆ ಕೂದಲು ತೆಗೆಯಬೇಕಾದದ್ದೇನೂ ಇಲ್ಲ, ಬ್ಲೇಡಿನಿಂದ ಕಣ್ಣಿಗೆ ಕಾಣದ ಗಾಯಗಳಾಗಿ ನಂಜಾಗುವ ಭಯವೇ ಹೆಚ್ಚು ಎಂದು ಅವರು ಬಿಡಿಸಿ ಹೇಳಿದರು. ಆಪರೇಷನ್ ಆಗುವುದಾದರೆ ಬೇಕಾದಷ್ಟೇ ಜಾಗದಲ್ಲಿ ಮಷೀನಿನಿಂದ ಕತ್ತರಿಸುತ್ತಾರೆ. ದಿನವೂ ಸ್ನಾನ, ಚಿಕ್ಕದಾದ ಉಗುರು, ಬೆರಳಿಗೆ ಬಣ್ಣ ಬೇಡ, ಮಲಗಿದಾಗ ಒತ್ತದಂತೆ ಕೂದಲಿಗೆ ಎರಡು ಜಡೆ. ಇಷ್ಟು ಸಾಕು.

“ಫೈಲಲ್ಲಿ ಬರ್ದಿಡ್ತೀನಿ ಶ್ಯಾಮಲಾ. ಆದ್ರೆ ಹಳೇ ಅಭ್ಯಾಸ ಇರೋರು ಕೆಲವರಿದ್ದಾರೆ, ನಾನು ಬರೋ ಮುಂಚೆ ಟ್ರೇ ಹಿಡ್ಕೊಂಡು ಬಂದ್ಬಿಡ್ತಾರೆ. ಆಗ ನೀವೇ ಹೇಳ್ಬೇಕು.”

ನೀವೇ ಹೇಳಬೇಕು ಎಂಬ ಮಾತನ್ನು ಶ್ಯಾಮಲಾ ಮನೆಗೆ ಹೊತ್ತು ತಂದಳು. ರಜೆಯಲ್ಲಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ, ಯಾರೂ ಇಲ್ಲದಾಗ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡತೊಡಗಿದಳು. “ಬೇಡ. ಮುಟ್ಬೇಡಿ.” ಒಮ್ಮೆ ಮೆತ್ತಗೆ, ಒಮ್ಮೆ ಗದರಿ, ಒಮ್ಮೆ ಬೆಡ್‌ಶೀಟಿಗೆ ಬೆರಳು ತೋರಿಸಿ.

ಹೀಗಿರುವಾಗ ಆಸ್ಪತ್ರೆಯಿಂದ ಫೋನ್ ಬಂತು. ಶ್ಯಾಮಲಾ ಸ್ನಾನಕ್ಕೆ ಹೋಗಿದ್ದರಿಂದ ನಾಗಲಕ್ಷ್ಮಮ್ಮ ಎತ್ತಿಕೊಂಡರು. ಅಡ್ಮಿಟ್ ಆಗುವಾಗ ಏನೇನು ತರಬೇಕೆಂದು ಹೇಳಿದ ಸಿಸ್ಟರು, ಪಾರ್ಟ್ ಮನೆಯಲ್ಲೇ ಮಾಡಿಸಿಕೊಂಡು ಬರುತ್ತೀರೋ ಇಲ್ಲೇ ಮಾಡಬೇಕೋ ಎಂದು ಕೇಳಿದರು. ಹೆರಿಗೆಗೆ ಮುನ್ನ ಕೂದಲು ತೆಗೆಯುವುದಕ್ಕೆ ಆಸ್ಪತ್ರೆಯವರು ಇಟ್ಟುಕೊಂಡ ಮರ್ಯಾದೆಯ ಹೆಸರು ಅದು. ನಾಟಕದವನನ್ನು ಮದುವೆಯಾಗಿ ಮುದುಕಿಯಾದ ನಾಗಲಕ್ಷ್ಮಮ್ಮನಿಗೆ ಪಾರ್ಟ್ ಎಂದರೆ ಒಂದೇ ಅರ್ಥ. ವಿಚಾರಿಸಿ ಹೇಳುತ್ತೇವೆಂದು ಫೋನ್ ಇಟ್ಟು, ಜಗಲಿಗೆ ಬಂದು ಗಂಡನಿಗೆ ವರದಿ ಒಪ್ಪಿಸಿದರು.

“ಆಸ್ಪತ್ರೇಲಿ ಏನೋ ನಾಟಕ ಆಡಿಸ್ತಾರಂತೆ ಕಣ್ರೀ. ನಮ್ ಶ್ಯಾಮಲಾನೂ ಪಾರ್ಟ್ ಮಾಡ್ಬೇಕಂತೆ.”

ಗೋಪಾಲಪ್ಪನವರಿಗೆ ಇದು ವಿಚಿತ್ರವೆನಿಸಲಿಲ್ಲ. ಈಗಿನ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಕುಣಿಸುತ್ತಾರೆ, ಕಿರೀಟ ತೊಡಿಸಿ ಫೋಟೋ ತೆಗೆಯುತ್ತಾರೆ, ನಾಟಕವೊಂದು ಬಾಕಿ ಇತ್ತು. ಅಲ್ಲದೆ ಸೊಸೆ ತಾರಸಿಯಲ್ಲಿ ಒಬ್ಬಳೇ ಮಾತಾಡುವುದನ್ನು ಅವರು ಕೇಳಿಸಿಕೊಂಡಿದ್ದರು, ಅದೂ ಈಗ ತಾಳೆಯಾಯಿತು.

“ಯಾವ ಪಾರ್ಟು ಅಂತ ಕೇಳ್ದೇನೆ? ಅಳೋ ಪಾರ್ಟಾದ್ರೆ ಬ್ಯಾಡ ಅನ್ನು. ಬಸುರಿ ಅಳಬಾರ್ದು.”

ಸಂಜೆ ಅವರೇ ಮೊಣಕಾಲು ಹಿಡಿದುಕೊಂಡು ತಾರಸಿ ಹತ್ತಿದರು. ಶ್ಯಾಮಲಾ ಬೆಡ್‌ಶೀಟಿನ ಎದುರು ನಿಂತಿದ್ದಳು. ಮಾವನನ್ನು ಕಂಡು ಮಾತು ನುಂಗಿಕೊಂಡಳು.

“ನಿಲ್ಲಿಸ್ಬ್ಯಾಡ ಕಣಮ್ಮ, ಆ ಮಾತು ಏಳು. ಮಾತು ಚೆನ್ನಾಗೈತೆ, ಆದ್ರೆ ಗಂಟ್ಲಿಂದ ಬರ್ತೈತೆ. ಎದುರುಗಡೆಯೋನು ಎದ್ರಬೇಕು ಅಂದ್ರೆ ಒಟ್ಟೆಯಿಂದ ಬರ್ಬೇಕು. ಮೊದ್ಲು ಉಸ್ರು ತುಂಬ್ಕೊ, ಅವನ ಕಣ್ಣು ನೋಡು, ಆಮೇಲೆ ಬಿಡು.”

ಅವರೇ ಒಮ್ಮೆ ಮಾಡಿ ತೋರಿಸಿದರು. ಆ ‘ಬ್ಯಾಡ’ಕ್ಕೆ ಪಕ್ಕದ ತಾರಸಿಯ ಪಾರಿವಾಳಗಳು ಹಾರಿಹೋದವು. ಶ್ಯಾಮಲಾಳಿಗೆ ಏನೂ ತಿಳಿಯಲಿಲ್ಲ. ಯಾವ ನಾಟಕ, ಯಾರ ಪಾರ್ಟು ಎಂದು ಕೇಳಿ ಕೇಳಿ ಫೋನಿನ ವಿಷಯ ಹೊರಬಿದ್ದಾಗ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನೀರಿನ ಟ್ಯಾಂಕಿಗೆ ಒರಗಿದಳು. ಮಾವನಿಗೆ ಬಿಡಿಸಿ ಹೇಳುವ ಮಾತಲ್ಲ ಅದು. ಅತ್ತೆಗೆ ಹೇಳುತ್ತೇನೆಂದು ಕೆಳಗಿಳಿದಳು.

ಅಡುಗೆಮನೆಯಲ್ಲಿ ನಾಗಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಶ್ಯಾಮಲಾ ನಗುತ್ತಲೇ ಆರಂಭಿಸಿದಳು. ಪಾರ್ಟ್ ಎಂದರೆ ಏನೆಂದು ಹೇಳಿದಳು. ಆಮೇಲೆ ನಗು ನಿಂತಿತು. ಮೊದಲ ಹೆರಿಗೆಯ ದಿನ ಪರದೆಯ ಹಿಂದೆ ನಡೆದದ್ದನ್ನೂ, ಗಾಯವನ್ನೂ, ಬಾಯಿ ಬಾರದೆ ಹೋದದ್ದನ್ನೂ ಹೇಳಿದಳು. ಹೇಳುತ್ತ ಉಗುರಿನ ವಿಷಯವೂ ಬಂತು. ಕೂಸು ಉಗುರು ಎಳೆದುಕೊಂಡದ್ದಲ್ಲ, ಅದನ್ನು ಕತ್ತರಿಸಿದ್ದು ಕಾರ್ಖಾನೆಯಲ್ಲಿ.

ನಾಗಲಕ್ಷ್ಮಮ್ಮನಿಗೆ ಮೊದಲು ಬಂದದ್ದು ಸಿಟ್ಟು.

“ಅಂಗಾರೆ ನಾನು ಊರೆಲ್ಲ ಏಳ್ಕೊಂಡು ಬಂದಿದ್ದು?”

“ಅದನ್ನ ವಾಪಸ್ ತಗೊಳ್ಳೋದು ನಿಮ್ಮ ಕೆಲ್ಸ ಅತ್ತೆ.”

ನಾಗಲಕ್ಷ್ಮಮ್ಮ ಇನ್ನೊಂದೆರಡು ಕಾಯಿ ಬಿಡಿಸಿದರು. ಆಮೇಲೆ ಅವರು ತಲೆಯೆತ್ತದೆ ಹೇಳಿದರು.

“ಅವತ್ತು ನಾನು ಪರದೆ ಆಚೇನೇ ಇದ್ನಲ್ಲಮ್ಮ. ಆಯಮ್ಮ ಬೈದಿದ್ದು ಕೇಳಿಸ್ತು. ಅವ್ರು ಏಳ್ದಂಗೆ ಕೇಳು ಅಂತ ನಿನಗೇ ಅಂದೆ.”

ಆ ಮಾತು ಶ್ಯಾಮಲಾಳಿಗೆ ನೆನಪಿತ್ತು. ನೆನಪಿದೆ ಎಂದು ಅವಳು ಅನ್ನಲಿಲ್ಲ. ಈ ಸಲ ನಾನೇನು ಮಾಡಲಿ ಎಂದು ಅತ್ತೆ ಕೇಳಿದಾಗ ಒಂದೇ ಒಂದು ಬೇಡಿಕೆ ಇಟ್ಟಳು.

“ನಾನು ಬೇಡ ಅಂದಾಗ, ಅಂಗೆಲ್ಲ ಅನ್ಬಾರ್ದು ಅಂತ ಅನ್ಬೇಡಿ. ಅಷ್ಟು ಸಾಕು.”

ನಾಗಲಕ್ಷ್ಮಮ್ಮ ಎದ್ದು ಕೈ ತೊಳೆದುಕೊಂಡರು. ಕಾಲುಬೆರಳಿನ ಉಗುರು ಏನು ಮಾಡಿದೆ, ಅಷ್ಟು ದೂರ ನಿನ್ನ ಕೈ ಎಟುಕುತ್ತದೆಯೇ ಎಂದು ಕೇಳಿದರು. ಎಟುಕುತ್ತಿರಲಿಲ್ಲ. ಕಾಲು ಕಣ್ಣಿಗೆ ಬಿದ್ದೇ ಎಷ್ಟೋ ದಿನವಾಗಿತ್ತು. ದೇವರಾಜನ ನೇಲ್ ಕಟರ್ ಹುಡುಕಿ ತಂದು, ಚಾಪೆಯ ಮೇಲೆ ಕೂತು, ಸೊಸೆಯ ಪಾದದ ಕಡೆ ಕೈ ನೀಡಿದವರು ಅರ್ಧದಲ್ಲೇ ನಿಲ್ಲಿಸಿದರು. ಮುಖ ನೋಡಿದರು. ಶ್ಯಾಮಲಾ ತಾನೇ ಪಾದವನ್ನು ಅವರ ಮಡಿಲಿಗೆ ಇಟ್ಟಳು. ಇದು ಕತ್ತರಿಯಲ್ಲ, ಕಟರ್, ಆದ್ದರಿಂದ ತಮ್ಮ ತಾಯಿಯ ಮಾತು ಮೀರಿದಂತಾಗಲಿಲ್ಲ ಎಂದು ನಾಗಲಕ್ಷ್ಮಮ್ಮ ತಮಗೆ ತಾವೇ ಹೇಳಿಕೊಂಡರು. ದೇವರಾಜನ ಗಡ್ಡಕ್ಕೆ ಮಾತ್ರ ರಿಯಾಯಿತಿ ಸಿಗಲಿಲ್ಲ.

ನೋವು ಬಂದದ್ದು ಒಂದು ಬೆಳಗ್ಗೆ. ಶ್ಯಾಮಲಾ ಮೊದಲು ಬಿಸಿನೀರಿನಲ್ಲಿ ನಿಧಾನವಾಗಿ ಸ್ನಾನ ಮಾಡಿದಳು. ಒಗೆದ ನೈಟಿ ಹಾಕಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡೇ ಹೊರಟಳು. ಪಾಳಿ ಬದಲಾಗುವ ಹೊತ್ತಿನ ಬಸ್ಸು, ಸ್ಕೂಟರುಗಳ ನಡುವೆ ಆಟೋ ತೆವಳುತ್ತಿದ್ದಾಗ ಕಂಗಾಲಾದವನು ದೇವರಾಜ್. ಅವನ ಕೈ ತಟ್ಟಿ ಸಮಾಧಾನ ಹೇಳಿದವಳು ಅವಳು.

ಹೆರಿಗೆ ವಾರ್ಡಿನಲ್ಲಿ ಡಾಕ್ಟರ್ ಲಾವಣ್ಯ ಇನ್ನೂ ಬಂದಿರಲಿಲ್ಲ. ಬಂದದ್ದು ಮರಿಯಮ್ಮ ಎಂಬ ಹಿರಿಯ ಆಯಾ, ಕೈಯಲ್ಲಿ ಟ್ರೇ. ಮಂಚದ ಕಾಲ ಬುಡದಲ್ಲಿ ನಾಗಲಕ್ಷ್ಮಮ್ಮ ನಿಂತಿದ್ದರು. ಮರಿಯಮ್ಮ ಪರದೆ ಎಳೆದು, ಟ್ರೇ ಇಟ್ಟು, ಪಾರ್ಟ್ ಆಗಿಲ್ಲವಾ ಎನ್ನುತ್ತ ಬಟ್ಟೆಗೆ ಕೈ ಹಾಕಿದಳು.

ಅದೇ ಹೊತ್ತಿಗೆ ನೋವಿನ ಅಲೆಯೊಂದು ಏರಿತು. ಶ್ಯಾಮಲಾಳಿಗೆ ಹಿಂದಿನ ಸಲದಂತೆಯೇ ಮಾತು ಹೊರಡಲಿಲ್ಲ. ಎಲ್ಲ ಅಭ್ಯಾಸವೂ ತಾರಸಿಯ ಮೇಲೇ ಉಳಿದುಬಿಟ್ಟಿತೋ ಎಂಬ ಭಯ ಒಂದು ಕ್ಷಣ ಅವಳನ್ನು ಹಿಡಿಯಿತು. ಅಲೆ ಇಳಿಯುವವರೆಗೆ ಮಂಚದ ಸರಳು ಹಿಡಿದಳು. ಉಸಿರು ತುಂಬಿಕೊಂಡಳು. ಮರಿಯಮ್ಮನ ಕಣ್ಣು ನೋಡಿದಳು.

“ಬೇಡ. ನನ್ಗೆ ಇದು ಬೇಡ. ಡಾಕ್ಟ್ರು ಫೈಲಲ್ಲಿ ಬರ್ದಿದ್ದಾರೆ, ನೋಡಿ.”

ಕೂಗಲಿಲ್ಲ. ಕೂಗಬೇಕಾಗಿರಲಿಲ್ಲ. ಪಕ್ಕದ ಮಂಚದವಳೂ ನರಳುವುದನ್ನು ನಿಲ್ಲಿಸಿದಳು. ಮರಿಯಮ್ಮ ಸಹಾಯಕ್ಕೆಂದು ಅತ್ತೆಯ ಕಡೆ ತಿರುಗಿ, ಸ್ವಲ್ಪ ಬುದ್ಧಿ ಹೇಳಿ ಅಮ್ಮ ಎಂದಳು.

“ಅವ್ಳು ಬ್ಯಾಡ ಅಂದ್ಲಲ್ಲ,” ಎಂದರು ನಾಗಲಕ್ಷ್ಮಮ್ಮ.

ಮರಿಯಮ್ಮ ಫೈಲು ತೆಗೆದುಕೊಂಡು ಸಿಸ್ಟರ್ ಬಳಿ ಹೋಗಿ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ವರ್ಷ ಮಾಡಿದ ಕೆಲಸ ಕೈಯಿಂದ ಜಾರಿದವಳ ಪೆಚ್ಚುತನವಿತ್ತು. ಟ್ರೇ ಎತ್ತಿಕೊಂಡು ಹೊರಟವಳು ಶ್ಯಾಮಲಾಳ ಬೆವರಿಗೆ ಅಂಟಿದ ಕೂದಲನ್ನು ಕಂಡು ನಿಂತಳು.

“ತಲೆನಾದ್ರೂ ಹೆಣೀಲೇನಮ್ಮ?”

ಆ ಪ್ರಶ್ನೆಯನ್ನು ಶ್ಯಾಮಲಾ ಒಂದಿಷ್ಟು ಹೊತ್ತು ತನ್ನಲ್ಲೇ ಇಟ್ಟುಕೊಂಡಳು. ಆಮೇಲೆ ಎಡಕ್ಕೆ ಹೊರಳಿ, ಕುತ್ತಿಗೆಯ ಹಿಂದಿನಿಂದ ಕೂದಲನ್ನು ಎತ್ತಿಕೊಟ್ಟಳು.

“ಹೆಣೀರಿ. ಎರಡು ಜಡೆ.”

ಮರಿಯಮ್ಮ ಮಂಚದ ಅಂಚಿಗೆ ಕೂತು ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದಳು. ನೋವು ಬಂದಾಗ ಹೆಣೆಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ನೋವು ಇಳಿದ ಮೇಲೆ ಶ್ಯಾಮಲಾ “ಹೂಂ” ಎನ್ನುತ್ತಿದ್ದಳು, ಆಗ ಮತ್ತೆ ಹೆಣೆಯುತ್ತಿದ್ದಳು.