ವಾಸಿಯಾಗುವ ಮೊದಲೇ

ಅವರ ಬಲಗೈಯ ಕೊನೆಯ ಎರಡು ಬೆರಳುಗಳು ಅಂಗೈ ಕಡೆಗೆ ಮಡಚಿಕೊಂಡೇ ಇರುತ್ತಿದ್ದವು. ಉಳಿದ ಬೆರಳುಗಳಲ್ಲೇ ಸೊಪ್ಪು ಬಿಡಿಸುತ್ತಿದ್ದರು, ಬಿಂದಿಗೆ ಎತ್ತುತ್ತಿದ್ದರು, ಮುದ್ದೆ ತಿರುವುತ್ತಿದ್ದರು. ಒಲೆಯ ಮೇಲಿನ ಪಾತ್ರೆ ಇಳಿಸುವಾಗ ಮಾತ್ರ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿಯುತ್ತಿದ್ದರು. ಬೆರಳಿಗೆ ಏನಾಯಿತೆಂದು ಯಾರಾದರೂ ಕೇಳಿದರೆ, "ಹಳೇ ಕಾಯಿಲೆ, ಹೋಗಿ ಎಷ್ಟೋ ಕಾಲ ಆಯ್ತು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಮರಳೂರಿನ ನಮ್ಮ ಬೀದಿಗೆಲ್ಲ ಅವರು ಮೂಲೆಮನೆ ಅಮ್ಮ. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಭಾನುವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದರು. ಉಳಿದ ದಿನ ಕೆಲಸ ಮುಗಿದ ಮೇಲೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು, ತುಟಿ ಅಲ್ಲಾಡಿಸುತ್ತಾ ಸತ್ಯವೇದ ಓದುತ್ತಿದ್ದರು. ಯಾರಾದರೂ ಬಂದರೆ ತಕ್ಷಣ ಪುಸ್ತಕ ಮುಚ್ಚುವರು. "ಮನುಷ್ಯರು ಬಂದಾಗ ಪುಸ್ತಕ ನೋಡ್ತಾ ಕೂತ್ರೆ, ಅದನ್ನ ಬರೆಸಿದೋನೇ ಬೇಜಾರ್ ಮಾಡ್ಕತಾನೆ" ಎನ್ನುವರು.

ಬೀದಿಯಲ್ಲಿ ಯಾರಿಗೆ ಕಾಯಿಲೆಯಾದರೂ ಅವರು ಹೋಗಿ ಹಾಸಿಗೆ ಪಕ್ಕ ಕೂರುತ್ತಿದ್ದರು. ಯೇಸು ವಾಸಿ ಮಾಡಿದವರ ಕತೆಗಳನ್ನು, ನಿನ್ನೆ ಪಕ್ಕದ ಬೀದಿಯಲ್ಲಿ ನಡೆದದ್ದು ಎಂಬ ಹಾಗೆ ಹೇಳುತ್ತಿದ್ದರು. ಆಟೊ ಓಡಿಸುವ ನಮ್ಮ ಪಕ್ಕದ ಮನೆಯವನು ಸೊಂಟ ಮುರಿದುಕೊಂಡು ಮಲಗಿ, ಇನ್ನು ತಾನು ಏಳುವುದಿಲ್ಲ ಎಂದು ಗೋಡೆ ಕಡೆ ಮುಖ ಮಾಡಿದ್ದ. ಅಮ್ಮ ಅವನಿಗೆ ಪಾರ್ಶ್ವವಾಯು ಹೊಡೆದವನ ಕತೆ ಹೇಳಿದರು. ಗೆಳೆಯರು ಅವನನ್ನು ಹಾಸಿಗೆ ಸಮೇತ ಹೊತ್ತು ತಂದು, ಜನ ಜಾಗ ಬಿಡದಿದ್ದಾಗ ಮಾಳಿಗೆ ತೆಗೆದು ಯೇಸುವಿನ ಮುಂದೆ ಇಳಿಸಿದ ಕತೆ.

"ಮಲಗಿದ್ದೋನಿಗೆ ನಂಬಿಕೆ ಇತ್ತೋ ಇಲ್ವೋ, ಅದರ ಸುದ್ದಿನೇ ಇಲ್ಲ ಅಲ್ಲಿ. ಹೊತ್ಕಂಡು ಬಂದೋರ ನಂಬಿಕೆ ನೋಡ್ದ ಸ್ವಾಮಿ. ನಿಂಗೀಗ ನಂಬಕ್ಕೆ ಆಗ್ದಿದ್ರೆ ಬುಡು. ನಾವಿದೀವಲ್ಲ, ಹೊರ್ತೀವಿ" ಎಂದರು.

ಅವನು ಗೋಡೆಯಿಂದ ಮುಖ ತಿರುಗಿಸಿ ಕಾಫಿ ಕೇಳಿದ.

ಅದೇ ಬೀದಿಯಲ್ಲಿ ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದೇನೆ. ಗಂಡ ಫ್ಯಾಕ್ಟರಿ ಕೆಲಸದಲ್ಲಿದ್ದಾರೆ. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಅತ್ತೆ ಹೆಬ್ಬೂರಿನಲ್ಲಿ ತೋಟ, ಹಸು ನೋಡಿಕೊಂಡಿದ್ದರು. ಒಂದು ದಿನ ಗಿರಾಕಿಯೊಬ್ಬರಿಗೆ ವ್ಯಾಕ್ಸ್ ಮಾಡುತ್ತಿದ್ದೆ. "ಅಕ್ಕ, ನಿಮ್ ಕೈ ಸುಡ್ತಿಲ್ವಾ?" ಎಂದರು ಅವರು. ನೋಡಿದರೆ ಕಾಯುತ್ತಿದ್ದ ಡಬ್ಬಿಯಿಂದ ಬಿಸಿ ವ್ಯಾಕ್ಸ್ ನನ್ನ ಮುಂಗೈ ಮೇಲೆ ಸುರಿದಿತ್ತು. ಅಲ್ಲಿ ಕೆಲವು ತಿಂಗಳಿಂದ ಒಂದು ಬಿಳಚಿದ ಮಚ್ಚೆಯಿತ್ತು. ಬಗೆಬಗೆಯ ಕ್ರೀಮು ಹಚ್ಚಿ ಸುಮ್ಮನಾಗಿದ್ದೆ. ಚರ್ಮ ಬೊಬ್ಬೆ ಎದ್ದಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ನನ್ನ ಕೈ ನನ್ನದಲ್ಲವೇನೋ ಎಂದು ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಚರ್ಮದ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಹತ್ತಿಯಿಂದ ಅಲ್ಲಲ್ಲಿ ಸವರಿದರು. ಸವರಿದಾಗ ಹೇಳಿ ಎಂದಿದ್ದರು. ಮಚ್ಚೆಯ ಮೇಲೆ ಸವರಿದಾಗ ನಾನು ಹೇಳಲೇ ಇಲ್ಲ. ಇನ್ನಷ್ಟು ಪರೀಕ್ಷೆ ಮಾಡಿಸಿ ಕೊನೆಗೆ, ಇದು ಕುಷ್ಠ ಎಂದರು. ಒಳ್ಳೆ ಮಾತ್ರೆ ಇದೆ, ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ, ಕೆಲಸ ಬಿಡಬೇಕಾಗಿಲ್ಲ ಎಂದೆಲ್ಲ ನಿಧಾನವಾಗಿ ವಿವರಿಸಿದರು. ನನಗೆ ಕೇಳಿಸಿದ್ದು ಆ ಒಂದೇ ಪದ. ಆಸ್ಪತ್ರೆಯಿಂದ ಮನೆಗೆ ಹೇಗೆ ಬಂದೆನೆಂದು ಇವತ್ತಿಗೂ ನೆನಪಿಲ್ಲ.

ಗಂಡ ಕೇಳಿಸಿಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಆಮೇಲೆ ಹೆಬ್ಬೂರಿಗೆ ಫೋನ್ ಮಾಡಿದರು. ಮರುದಿನ ಅತ್ತೆ ಬಂದರು. ಯಾವಾಗಲೂ ನೇರ ಅಡುಗೆಮನೆಗೇ ಬರುವವರು ಅಂದು ಹೊಸ್ತಿಲಾಚೆಯೇ ನಿಂತರು.

"ಮಗೂನ ನಾನ್ ಕರ್ಕಂಡೋಗ್ತೀನಿ ಕಣಮ್ಮ. ನೀನು ವಾಸಿ ಮಾಡ್ಕ" ಎಂದರು.

ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಸಹಿಸುವುದು ಸುಲಭವಿತ್ತು. ಮಗಳು ಆಟೊದಿಂದ ಹಿಂದಕ್ಕೆ ತಿರುಗಿ ನೋಡುತ್ತಲೇ ಹೋದಳು. ನಾನು ಪಾರ್ಲರಿನ ಶಟರ್ ಎಳೆದು ಒಳಗೆ ಕೂತೆ. ಡಾಕ್ಟರು ಕೊಟ್ಟ ಮಾತ್ರೆ ಚೀಲದಲ್ಲೇ ಇತ್ತು.

ಮೂಲೆಮನೆ ಅಮ್ಮ ಮನೆಯ ಒಳಬಾಗಿಲಿನಿಂದ ಪಾರ್ಲರಿಗೆ ಬಂದರು. "ಯಾಕವ್ವ, ಶಟರ್ ಎಳ್ಕಂಡು ಕೂತಿದೀಯ?"

"ಹತ್ರ ಬರ್ಬೇಡಿ ಅಮ್ಮ" ಎಂದೆ. ಕಾಯಿಲೆಯ ಹೆಸರು ಹೇಳಿದೆ. ಹಿಂದಕ್ಕೆ ಸರಿಯುತ್ತಾರೆಂದು ಕಾದೆ.

ಅವರು ಬಂದು ನನ್ನ ಪಕ್ಕ ಕೂತರು. ನನ್ನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಆ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರಿದರು. ಆ ಸುದ್ದಿ ಗೊತ್ತಾದ ಮೇಲೆ ಮನೆಯವರು ಯಾರೂ ನನ್ನನ್ನು ಮುಟ್ಟಿರಲಿಲ್ಲ.

"ಒಬ್ಬನಿಗೆ ಇದೇ ಕಾಯಿಲೆ ಇತ್ತು" ಎಂದು ಶುರು ಮಾಡಿದರು. "ಊರು ಓಡ್ಸಿತ್ತು. ಯಾರೂ ಮುಟ್ತಿರ್ಲಿಲ್ಲ. ಅವನು ಸ್ವಾಮಿ ಮುಂದೆ ಬಂದು, ನಿಂಗೆ ಮನಸ್ಸಿದ್ರೆ ನನ್ನ ವಾಸಿ ಮಾಡ್ತೀಯ ಅಂದ. ಸ್ವಾಮಿ ದೂರ ನಿಂತ್ಕಂಡು ಒಂದ್ ಮಾತ್ ಹೇಳಿದ್ರೂ ವಾಸಿಯಾಗೋದು. ಹಂಗ್ ಮಾಡ್ಲಿಲ್ಲ. ಮೊದ್ಲು ಕೈ ಚಾಚಿ ಮುಟ್ದ. ವಾಸಿ ಮಾಡಿದ್ದು ಆಮೇಲೆ. ವಾಸಿಯಾದೋರ್ನ ಯಾರ್ ಬೇಕಾದ್ರೂ ಮುಟ್ತಾರೆ ಕಣವ್ವ."

ತಮ್ಮ ಮಡಚಿದ ಬೆರಳುಗಳನ್ನು ನನ್ನ ಕೈಯ ಪಕ್ಕಕ್ಕಿಟ್ಟು, "ನಂಗೂ ಇದೇ ಬಂದಿತ್ತು" ಎಂದರು.

ನಾನು ಬೆಚ್ಚಿಬಿದ್ದೆ. ಇಷ್ಟು ವರ್ಷ ಎದುರಿಗಿದ್ದ ಆ ಬೆರಳುಗಳನ್ನು ಮೊದಲ ಬಾರಿ ನೋಡುವವಳಂತೆ ನೋಡಿದೆ.

ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಮಗ್ಗುಲ ಒಂದು ಹಳ್ಳಿ ಅವರದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೈಮೇಲೆ ಮಚ್ಚೆ ಬಂತು, ಬೆರಳು ಮಡಚತೊಡಗಿದವು. ಅಪ್ಪ ಬಸ್ಸಿನಲ್ಲಿ ಕರೆತಂದು ದೂರದ ಒಂದು ಮಿಶನ್ ಆಸ್ಪತ್ರೆಗೆ ಸೇರಿಸಿ, ಬೆಲ್ಲದ ಮಿಠಾಯಿ ತರುತ್ತೇನೆಂದು ಹೋದವರು ಮತ್ತೆ ಬರಲಿಲ್ಲ. ಆಗೆಲ್ಲ ವರ್ಷಗಟ್ಟಲೆ ಮಾತ್ರೆ ನುಂಗಬೇಕಿತ್ತು. ಒಂದು ಸಲ ಊರ ಕಡೆಯ ರೋಗಿಯೊಬ್ಬ ಅಲ್ಲಿಗೆ ಬಂದವನು ಈ ಹುಡುಗಿಯನ್ನು ನೋಡಿ ನಡುಗಿಹೋದನಂತೆ. ಅವಳು ಸತ್ತಳೆಂದು ಮನೆಯವರು ಊರಿಗೆಲ್ಲ ಹೇಳಿ, ತಿಥಿಯನ್ನೂ ಮಾಡಿ ಮುಗಿಸಿದ್ದರು.

"ನನ್ ತಿಥಿ ಊಟ ಉಂಡೋರು ಇನ್ನೂ ಇದಾರೆ" ಎಂದರು ಅಮ್ಮ. ದನಿ ಎತ್ತರಿಸಲಿಲ್ಲ, ಇಳಿಸಲೂ ಇಲ್ಲ. "ಅಲ್ಲೊಬ್ಬ ನರ್ಸಮ್ಮ ನನ್ ಪಕ್ಕ ಕೂತು ಈ ಕತೆ ಓದಿ ಹೇಳಿದ್ರು. ಓದ್ವಾಗ ನನ್ ತಲೆ ಮೇಲೆ ಕೈ ಇಟ್ಟಿದ್ರು. ಅವತ್ತಿಂದ ಆ ಸ್ವಾಮೀನ ಬಿಟ್ಟಿಲ್ಲ ನಾನು."

"ನಾನೂ ಪ್ರಾರ್ಥನೆಗೆ ಬರ್ಬೇಕಾ ಅಮ್ಮ?" ಎಂದು ಕೇಳಿದೆ.

"ನೀನು ನಿಮ್ ಮನೆದೇವ್ರಿಗೆ ಕೈ ಮುಗಿ. ನಮ್ ಸ್ವಾಮಿಗೆ ನಾನ್ ಹೇಳ್ತೀನಿ. ಮಾತ್ರೆ ಮಾತ್ರ ಬಿಡ್ಬೇಡ. ಅದೂ ಅವನೇ ಕೊಟ್ಟಿದ್ದು." ಚೀಲ ತೆಗೆದು, ನೀರು ತಂದು, ನಾನು ನುಂಗುವವರೆಗೂ ಎದುರೇ ನಿಂತರು.

ಮೊದಲ ಮಾತ್ರೆಗೆ ಮೂತ್ರ ಕೆಂಪಗೆ ಹೋಯಿತು. ರಕ್ತವೆಂದು ಹೆದರಿ ಅವರ ಮನೆಗೆ ಓಡಿದೆ. ಅವರು ನಕ್ಕು, ಅದು ಮಾತ್ರೆಯ ಬಣ್ಣ ಎಂದು ಹೇಳಿ ಕೂರಿಸಿದರು.

ಕೆಲಸ ಶುರು ಮಾಡಬಹುದು ಎಂದು ಡಾಕ್ಟರು ಮತ್ತೆ ಹೇಳಿದ ಮೇಲೂ ನನಗೆ ಶಟರ್ ಎತ್ತುವ ಧೈರ್ಯವಿರಲಿಲ್ಲ. ಬೀದಿಗೆ ಅರ್ಧಂಬರ್ಧ ಸುದ್ದಿ ಹರಡಿತ್ತು. ಒಂದು ಬೆಳಿಗ್ಗೆ ಅಮ್ಮನೇ ಬಂದು ಶಟರನ್ನು ಧಡಧಡ ಎತ್ತಿ, ಬೀದಿಗೆ ಕಾಣುವ ಹಾಗೆ ಕುರ್ಚಿ ತಿರುಗಿಸಿ ಕೂತರು. ಆ ವಯಸ್ಸಿನವರೆಗೆ ಮುಖಕ್ಕೆ ಪೌಡರ್ ಹಚ್ಚಿದವರಲ್ಲ.

"ಹುಬ್ಬು ತೆಗಿ" ಎಂದರು.

"ಅಮ್ಮ, ನೋವಾಗುತ್ತೆ."

"ಆಗ್ಲಿ. ನೋವಾದ್ರೆ ಒಳ್ಳೇದೇ ಅಲ್ವಾ ನಮ್ಮಂಥೋರಿಗೆ."

ಹೋಗಿಬರುವವರು ನಿಂತು ನೋಡಿದರು. ಅಮ್ಮ ಕಣ್ಣೀರು ಸುರಿಸುತ್ತಾ ತೀಡಿಸಿಕೊಂಡು, ಕನ್ನಡಿ ನೋಡಿ, "ಒಳ್ಳೆ ನಾಟಕದೋಳ್ ಥರ ಇದೀನಿ" ಎಂದರು. ಆಟೊದವನ ಹೆಂಡತಿ ಸಂಜೆ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು.

ಮಗಳು ಮಾತ್ರ ಬರಲಿಲ್ಲ. ಡಾಕ್ಟರು ಅವಳನ್ನೂ ಗಂಡನನ್ನೂ ಪರೀಕ್ಷಿಸಿ ಏನೂ ಇಲ್ಲವೆಂದರೂ ಅತ್ತೆ ಕಳಿಸಲಿಲ್ಲ. ಗಂಡ ತಾಯಿಗೆ ಎದುರಾಡಲಿಲ್ಲ. ಹೀಗೇ ತಿಂಗಳುಗಳು ಹೋದವು. ಒಮ್ಮೆ ಅಮ್ಮನೆದುರು ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಕಣ್ಣೊರೆಸಿ, "ನಿಮ್ಮತ್ತೆ ತೌರೂರು ನಮ್ಮೂರೇ ಅಲ್ವಾ" ಎಂದರು. ಹಿಂದೆ ಅತ್ತೆ ನಮ್ಮ ಮನೆಗೆ ಬಂದಿದ್ದಾಗ ಊರ ಹೆಸರು ಕೇಳಿಸಿಕೊಂಡು, ಮುಖ ನೋಡಿ ಅಮ್ಮ ಗುರುತಿಸಿದ್ದರಂತೆ. ಆ ದಿನ ತಮ್ಮ ಮನೆ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. "ನಡಿ, ಹೆಬ್ಬೂರಿಗೆ ಹೋಗಣ" ಎಂದರು.

ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಾ ಹೇಳಿದರು: "ಅವನನ್ನ ವಾಸಿ ಮಾಡಿದ್ಮೇಲೆ ಸ್ವಾಮಿ ಇನ್ನೊಂದ್ ಮಾತು ಹೇಳ್ದ. ಹೋಗಿ ಪುರೋಹಿತ್ರಿಗೆ ತೋರಿಸ್ಕ ಅಂತ. ಅವ್ರು ಸರಿ ಅಂದ್ರೇನೇ ಆಗ ಊರೊಳಕ್ಕೆ ಸೇರಿಸ್ಕಳ್ತಿದ್ದಿದ್ದು. ಮೈ ವಾಸಿಯಾದ್ರೆ ಅರ್ಧ. ಊರು ಸೇರಿದ್ರೆ ಪೂರ್ತಿ. ನಾನು ಅರ್ಧಕ್ಕೇ ನಿಂತೋಳು."

ಅತ್ತೆ ಅಂಗಳದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ನನ್ನನ್ನು ಕಂಡು ಓಡಿಬರಲಿದ್ದ ಮಗಳ ರಟ್ಟೆ ಹಿಡಿದುಕೊಂಡರು. ಅಮ್ಮ ಮುಂದೆ ಹೋಗಿ ನಿಂತರು.

"ನನ್ ಗುರ್ತು ಸಿಕ್ತಾ?"

"ಮೂಲೆಮನೆಯೋರಲ್ವಾ?"

"ಅದಲ್ಲ. ಅದಕ್ಕೂ ಮುಂಚೆ. ಇಸ್ಕೂಲಲ್ಲಿ ನಿನ್ ಪಕ್ಕ ಕೂರ್ತಿದ್ದೆ. ನನ್ ಸ್ಲೇಟ್ ನೋಡ್ಕಂಡು ಲೆಕ್ಕ ಬರೀತಿದ್ದೆ ನೀನು" ಎಂದು ತಂದೆಯ ಹೆಸರನ್ನೂ ತಮ್ಮ ಹಳೆಯ ಹೆಸರನ್ನೂ ಹೇಳಿದರು.

ಅತ್ತೆಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹುಲ್ಲಿನ ಹೊರೆಯ ಮೇಲೆ ಹಾಗೇ ಕುಸಿದು ಕೂತರು. ಅಮ್ಮನ ಮಡಚಿದ ಬೆರಳುಗಳನ್ನೇ ನೋಡಿದರು.

"ಆ ಹುಡುಗಿ ಸತ್ತೋದ್ಲು. ನಮ್ಮವ್ವನ ಜೊತೆ ತಿಥಿಗೆ ಹೋಗಿದ್ದೆ ನಾನು."

"ಏನ್ ಅಡುಗೆ ಮಾಡಿದ್ರು?" ಎಂದು ಅಮ್ಮ ಕೇಳಿದರು.

"ವಡೆ, ಪಾಯಸ" ಎಂದರು ಅತ್ತೆ, ಕನಸಿನಲ್ಲಿ ಮಾತಾಡುವವರ ಹಾಗೆ. ಹೇಳಿ ಮುಗಿಯುವಷ್ಟರಲ್ಲಿ ಸೆರಗು ಬಾಯಿಗೆ ತುರುಕಿಕೊಂಡರು.

ಅಮ್ಮ ಅವರ ಪಕ್ಕ ಕೂತರು. "ಒಂದೇ ತಟ್ಟೇಲಿ ಉಂಡಿದೀವಿ ನಾವು. ನಿಂಗ್ ಬಂತಾ?"

"ಇಲ್ಲ."

"ನಿನ್ ಮಗನಿಗೂ ಬರ್ಲಿಲ್ಲ. ಈ ಕೂಸಿಗೂ ಏನಿಲ್ಲ ಅಂತ ಡಾಕ್ಟ್ರು ಹೇಳವ್ರೆ. ನಮ್ಮಪ್ಪ ನನ್ನ ಬಿಟ್ಟೋದ. ಆಗ ಮಾತ್ರೆ ಮೇಲೆ ಯಾರಿಗೂ ನಂಬ್ಕೆ ಇರ್ಲಿಲ್ಲ, ಹೆದರ್ಕೊಂಡ. ನೀನು ಯಾಕೆ ಹೆದರ್ತೀಯ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಗಳ ರಟ್ಟೆ ಬಿಟ್ಟು, "ಹೋಗು, ನಿಮ್ಮವ್ವನ ತಾವ" ಎಂದರು. ಅವಳು ನನ್ನ ಸೊಂಟಕ್ಕೆ ಬಂದು ಬಿಗಿದುಕೊಂಡಳು. ಅಂದು ಅತ್ತೆ ಮುದ್ದೆ, ಅವರೆಕಾಳು ಸಾರು ಮಾಡಿ ನಮ್ಮಿಬ್ಬರನ್ನೂ ಅಡುಗೆಮನೆಯೊಳಗೇ ಕೂರಿಸಿ ಬಡಿಸಿದರು. ಅಮ್ಮನ ತಟ್ಟೆಗೆ ಕೇಳದೆಯೇ ಎರಡು ಸಲ ತುಪ್ಪ ಹಾಕಿದರು.

ಮಗಳು ನಮ್ಮ ಜೊತೆಯೇ ಬಂದಳು. ಮರಳೂರಿನ ಬಸ್ ಸ್ಟಾಪಿನಲ್ಲಿ ಗಂಡ ಕಾಯುತ್ತಿದ್ದರು; ಅತ್ತೆ ಫೋನ್ ಮಾಡಿದ್ದರಂತೆ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಪಕ್ಕದಲ್ಲಿ ನಡೆದರು. ಅಲ್ಲಿಂದ ಮುಂದೆ ಅತ್ತೆ ಮರಳೂರಿಗೆ ಬಂದರೆ ಮೊದಲು ಹೋಗುತ್ತಿದ್ದುದು ಮೂಲೆಮನೆಗೆ. ಊರಿಗೆ ಹೋಗೋಣ ಬಾ, ನಾನಿದ್ದೇನೆ ಎಂದು ಎಷ್ಟೋ ಸಲ ಕರೆದರು. "ನೋಡಣ ಕಣೇ" ಎನ್ನುತ್ತಿದ್ದರು ಅಮ್ಮ.

ಚಿಕಿತ್ಸೆ ಮುಗಿದ ದಿನ ಹೂವು, ಹಣ್ಣು ತಗೊಂಡು ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಗದರಿ ಎಬ್ಬಿಸಿದರು. ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗಿ, ಒಬ್ಬನೇ ಹಿಂದಿರುಗಿ ಬಂದು ಉಪಕಾರ ನೆನೆದ ಕತೆ ಹೇಳಿದರು. "ಆ ಒಂಬತ್ತು ಜನಾನ ಎಲ್ರೂ ಬೈತಾರೆ. ನಾನ್ ಬೈಯಲ್ಲ. ಮಕ್ಕಳನ್ನ ನೋಡಕ್ಕೆ ಮನೆಗೆ ಓಡಿರ್ತಾರೆ ಪಾಪ. ಸ್ವಾಮಿಗೆ ಅಷ್ಟು ಗೊತ್ತಾಗಲ್ವಾ" ಎಂದರು.

ಕಳೆದ ವರ್ಷ ಗುಬ್ಬಿಯಲ್ಲಿ ಒಬ್ಬ ಹೆಂಗಸಿಗೆ ಇದೇ ಕಾಯಿಲೆಯೆಂದು ತಿಳಿದು, ಅಮ್ಮ ಅವಳನ್ನು ನೋಡಲು ಆಗಾಗ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವರ ನಂಬರಿನಿಂದ ಫೋನ್ ಬಂತು. ಎತ್ತಿದರೆ ಗಂಡಸಿನ ದನಿ.

"ಗುಬ್ಬಿ ಬಸ್ ಸ್ಟ್ಯಾಂಡಿಂದ ಮಾತಾಡ್ತಿರೋದು. ಈ ಅಜ್ಜಿ ನಿಮಗೇನಾಗ್ಬೇಕು? ಬಸ್ಸಿಗೆ ಕಾಯ್ತಾ ಕೂತಿದ್ರು, ಹಂಗೇ ಒರಗ್ಬಿಟ್ರು. ಆಸ್ಪತ್ರೆಗೆ ಸೇರಿಸಿದೀವಿ, ಬೇಗ ಬನ್ನಿ."

ನಾವು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು. ಬೆಳಿಗ್ಗೆ ತಾನೇ ನನ್ನ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದರು. ಆಸ್ಪತ್ರೆಯವರು ಅವರ ಹೆಸರು ಕೇಳಿದಾಗ ನನ್ನ ಬಾಯಿಂದ 'ಅಮ್ಮ' ಎಂದಷ್ಟೇ ಬಂತು.

ಚರ್ಚಿನವರು ಮಣ್ಣು ಮಾಡುವ ಏರ್ಪಾಡು ಮಾಡಿದರು. ಆಟೊದವನು ಹೆಗಲು ಕೊಟ್ಟ. ಪಾಸ್ಟರು ಪ್ರಾರ್ಥನೆ ಮುಗಿಸಿ, "ಸಂಬಂಧಿಕರು ಯಾರಾದ್ರೂ ಇದ್ರೆ ಮೊದಲು ಬಂದು ಮಣ್ಣು ಹಾಕಿ" ಎಂದರು. ಯಾರೂ ಕದಲಲಿಲ್ಲ. ನಾನು ಮುಂದಿಡಲಿದ್ದ ಹೆಜ್ಜೆಯನ್ನು ಅತ್ತೆಯ ಕೈ ತಡೆಯಿತು.

"ನಾನಿದೀನಿ. ನಮ್ಮೂರ ಹುಡುಗಿ ಇವಳು" ಎಂದು ಅವರು ಎಲ್ಲರನ್ನೂ ದಾಟಿ ಮುಂದೆ ಹೋದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಗುಂಡಿಯ ಅಂಚಿನಲ್ಲಿ ಮಂಡಿಯೂರಿದರು.

"ಆವತ್ತು ಸುಳ್ಳೇ ಕಳಿಸ್ಬಿಟ್ರು ಕಣೇ ನಿನ್ನ. ಈವತ್ತು ನಿಜವಾಗಿ ಕಳಿಸ್ತಿದೀನಿ. ಊರೋರ ಪರವಾಗಿ ನಾನೊಬ್ಳೇ ಬಂದಿದೀನಿ, ತಪ್ಪು ತಿಳ್ಕಬೇಡ."

ಮಣ್ಣು ಹಾಕಿದ ಮೇಲೂ ಅತ್ತೆ ಏಳಲಿಲ್ಲ. ಪಾಸ್ಟರು ಕಾದರು, ಜನರೂ ಕಾದರು. ಕೊನೆಗೆ ನಾನು ಮತ್ತು ಮಗಳು ಹೋಗಿ ಅವರ ಎರಡೂ ಕಡೆ ಕೂತೆವು.